ಸಹಾಯ ಬೇಕಾದರೆ ಎದುರು ಮನೆ

ಒಸಾಕಾ, ಎನೊಕಿ ಓಣಿ
2 ಏಪ್ರಿಲ್ 2023

ತಮ್ಮಾ ಕೆನ್ಸಾಕು,

ಹವಾಮಾನದಿಂದ ಪತ್ರ ಶುರು ಮಾಡುವ ಮರ್ಯಾದೆ ನಿನಗೇ ಇರಲಿ. ನಿಮ್ಮ ಕುಶಿರೋದಲ್ಲಿ ಬರೆಯುವುದಕ್ಕೆ ಮಂಜಾದರೂ ಇದೆ. ಮೀನಿನ ಕಾರ್ಖಾನೆಯ ಯಂತ್ರ ನಿನ್ನ ಕಿವಿ ತಿಂದುಹಾಕಿದ ಮೇಲೆ ನಾನು ಫೋನಿನಲ್ಲಿ ಕೂಗುವುದು, ನೀನು "ಆಂ? ಆಂ?" ಅನ್ನುವುದು, ಇಡೀ ಓಣಿ ಕೇಳಿಸಿಕೊಳ್ಳುವುದು, ಎಲ್ಲ ಸಾಕಾಗಿದೆ. ಕಾಗದವೇ ವಾಸಿ.

ಅಮ್ಮನ ಮನೆಯನ್ನು ಪ್ರವಾಸಿಗಳಿಗೆ ದಿನಬಾಡಿಗೆಗೆ ಬಿಡುವುದು ನಿನ್ನ ತೀರ್ಮಾನ. ಮನೆ ನಿನ್ನ ಹೆಸರಿಗೆ ಬಂದಿದೆ. ನಾನು ಎದುರು ಮನೆಯ ಬಾಡಿಗೆದಾರಳು, ಹೊಲಿಗೆಯವಳು, ಈಗ ನಿನ್ನ ಬೀಗದ ಕೈ ಇಟ್ಟುಕೊಂಡು ಕಸ ಗುಡಿಸುವವಳು. ಬಂದವರಿಗೆ ಉಪಯೋಗವಾಗುವ ಸೂಚನೆಗಳನ್ನು ಬರೆದುಕೊಡು ಅಂದೆ. ಬರೆದಿದ್ದೇನೆ, ತಗೋ:

"ನಿಲ್ದಾಣದ ಉತ್ತರದ ಬಾಗಿಲಿನಿಂದ ಹೊರಬನ್ನಿ. ದಕ್ಷಿಣದ ಬಾಗಿಲಲ್ಲಿ ಬಂದರೆ ಜನಜಂಗುಳಿ ನಿಮ್ಮನ್ನು ಕಾಲುವೆಯವರೆಗೂ ನೂಕಿಕೊಂಡು ಹೋಗುತ್ತದೆ. ಔಷಧಿ ಅಂಗಡಿಯ ಪಕ್ಕ ಇಬ್ಬರು ಒಟ್ಟಿಗೆ ಹೋಗಲಾಗದ ಸಂದಿ ಇದೆ. ಅದೇ ನಮ್ಮ ಓಣಿ. ಅಲ್ಲಿಂದ ಪೆಟ್ಟಿಗೆಯ ಗಾಲಿ ಉರುಳಿಸಬೇಡಿ, ಎತ್ತಿಕೊಳ್ಳಿ. ಒಂಬತ್ತು ಮನೆಗಳ ಗೋಡೆಗೂ ಆ ಸದ್ದು ಬಡಿಯುತ್ತದೆ. ಮೂಲೆಯಲ್ಲಿ ಕೆಂಪು ಎದೆಬಟ್ಟೆ ಕಟ್ಟಿಕೊಂಡು ನಿಂತಿರುವುದು ಜಿಜೊ ದೇವರು, ಅದು ಬ್ಯಾಗು ಇಡುವ ಕಟ್ಟೆಯಲ್ಲ. ಕಸವನ್ನು ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಂಟರೊಳಗೆ ಬಲೆಯ ಕೆಳಗಿಡಿ. ಬಲೆ ಸರಿಯಾಗಿ ಎಳೆಯದಿದ್ದರೆ ನೀವು ಏನು ತಿಂದಿರಿ ಎಂಬುದನ್ನು ಕಾಗೆಗಳು ಊರಿಗೆಲ್ಲ ತೋರಿಸುತ್ತವೆ. ಪಕ್ಕದ ಮನೆಯ ತೊಯೊ ಎಂಬ ಹಿರಿಯರು ಸಂಜೆ ಬಾಗಿಲ ಮುಂದೆ ಸ್ಟೂಲು ಹಾಕಿ ಕೂತಿರುತ್ತಾರೆ. ಫೋಟೋ ತೆಗೆಯಬೇಡಿ, ತಲೆಬಾಗಿ ನಮಸ್ಕರಿಸಿ. ಬಾಗಿಲ ಮೊಳೆಗೆ ಕ್ಲಿಪ್ಪಿನ ಹಲಗೆಯೊಂದು ತೂಗಾಡುತ್ತಿದ್ದರೆ ಅದು ಓಣಿಯ ಸುತ್ತೋಲೆ. ಸಾವು, ನೀರು, ಹಬ್ಬ ಎಲ್ಲವೂ ಅದರಲ್ಲಿರುತ್ತದೆ. ಪ್ರತಿ ಮನೆಯವರೂ ಓದಿ, ತಂತಮ್ಮ ಹೆಸರಿನ ಮೊಹರು ಒತ್ತಿ, ಮುಂದಿನ ಮನೆಗೆ ಕೊಡಬೇಕಾದ್ದು. ದಯವಿಟ್ಟು ಒಳಗೆ ಒಯ್ಯಬೇಡಿ, ಎದುರು ಮನೆಗೆ ತಲುಪಿಸಿ. ಯಾವ ಸಹಾಯ ಬೇಕಾದರೂ ಎದುರು ಮನೆಯ ಬಾಗಿಲು ತಟ್ಟಿ."

ಒಂದಕ್ಷರ ಬಿಡದೆ ಅಚ್ಚು ಹಾಕಿಸು.

ನಿನ್ನ ಅಕ್ಕ
ಹಿಸಾನೊ


ಕುಶಿರೋ
19 ಏಪ್ರಿಲ್ 2023

ಪ್ರೀತಿಯ ಅಕ್ಕನಿಗೆ,

ಇಲ್ಲಿ ಹಿಮ ಕರಗುತ್ತಿದೆ, ಮಂಜು ಹಾಗೇ ಇದೆ. ನೀನು ಹಂಗಿಸಿದರೂ ನಾನು ಹವಾಮಾನದಿಂದಲೇ ಶುರು ಮಾಡುವವನು.

ಸೂಚನೆಗಳು ಬಹಳ ಚೆನ್ನಾಗಿದ್ದವು. ನನ್ನಾಕೆ ಬಿದ್ದು ಬಿದ್ದು ನಕ್ಕಳು. ಆದರೆ ಎರಡು ದಿನ ಇದ್ದು ಹೋಗುವವರಿಗೆ ಅಷ್ಟು ಓದಲು ಪುರುಸೊತ್ತೆಲ್ಲಿ? ನೋಡಿಕೊಳ್ಳುವ ಕಂಪನಿಯವರು ಹನ್ನೊಂದು ಸಾಲು ಮೀರಬಾರದು ಎಂದರು. ಹಾಗಾಗಿ ನಿಲ್ದಾಣ, ಕಸ, ಸ್ನಾನದ ನೀರು, ಅಂತರ್ಜಾಲದ ಗುಟ್ಟು ಸಂಖ್ಯೆ, ಹತ್ತಿರದ ಮೂರು ನೂಡಲ್ ಅಂಗಡಿ ಉಳಿಸಿದ್ದೇನೆ. ಜಿಜೊ, ತೊಯೊ ಚಿಕ್ಕಮ್ಮ, ಹಲಗೆ ತೆಗೆದೆ. ಓಣಿಯ ಒಳಗಿನ ವಿಷಯ ಪ್ರವಾಸಿಗಳಿಗೇಕೆ? ಎದುರು ಮನೆಯ ಬಾಗಿಲು ತಟ್ಟಿ ಎಂಬ ಸಾಲನ್ನೂ ತೆಗೆದಿದ್ದೇನೆ, ಹೊತ್ತಲ್ಲದ ಹೊತ್ತಿನಲ್ಲಿ ನಿನಗೆ ತೊಂದರೆ ಆಗಬಾರದು ಎಂದು. ಬದಲಿಗೆ ಕಂಪನಿಯ ನಂಬರು ಹಾಕಿದೆ. ಇನ್ನು ನೀನು ಆರಾಮವಾಗಿರಬಹುದು.

ನಾಲ್ಕು ಭಾಷೆಯಲ್ಲಿ ಅಚ್ಚಾದ ಪ್ರತಿ ಇದರೊಂದಿಗಿದೆ. ಬಾಗಿಲ ಹಿಂದೆ ಅಂಟಿಸು. ಅಂಚು ನೇರವಾಗಿರಲಿ.

ನಿನ್ನ ತಮ್ಮ
ಕೆನ್ಸಾಕು


ಒಸಾಕಾ
3 ಜೂನ್ 2023

ತಮ್ಮಾ,

ಅಂಟಿಸಿದ್ದೇನೆ. ಅಂಚೂ ನೇರವಾಗಿದೆ, ಅಳತೆ ಟೇಪು ಹಿಡಿಯುವ ಕೈ ನನ್ನದು.

ಇದುವರೆಗೆ ಹದಿನೇಳು ತಂಡ ಬಂದು ಹೋದವು. ಕೆಟ್ಟವರೇನಲ್ಲ. ಹೋಗುವಾಗ ಹಾಸಿಗೆ ಮಡಿಸಿಟ್ಟು, ಚಾಕಲೇಟು ಬಿಟ್ಟು ಹೋಗುತ್ತಾರೆ. ಆದರೆ ಗೊತ್ತಿಲ್ಲದವರು ಗೊತ್ತಿಲ್ಲದವರೇ. ಒಬ್ಬ ಜಿಜೊ ದೇವರ ತಲೆಯ ಮೇಲೆ ತನ್ನ ಟೋಪಿ ಒಣಗಲು ಹಾಕಿದ್ದ. ಇನ್ನೊಬ್ಬಳು ತೊಯೊ ಚಿಕ್ಕಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು ಫೋಟೋ ತೆಗೆದುಕೊಂಡಳು. ಚಿಕ್ಕಮ್ಮ ನನಗೆ ಹೇಳಿದ್ದು ಕೇಳು: "ಎಂಬತ್ತೆಂಟು ವರ್ಷಕ್ಕೆ ನನಗೂ ಬೆಲೆ ಬಂತು ಕಣೇ ಹಿಸಾನೊ! ಮೊದ್ಲೇ ಗೊತ್ತಾಗಿದ್ರೆ ಹಲ್ಲಾದ್ರೂ ಹಾಕ್ಕೊಂಡು ಕೂರ್ತಿದ್ದೆ." ಆಮೇಲೆ ಕೇಳಿದರು: "ಕೆನ್‌ಬೋ ಯಾವಾಗ ಬರ್ತಾನೆ? ಬೆನ್ನಿಗೆ ಕಟ್ಕೊಂಡು ಇಡೀ ಪೇಟೆ ತಿರುಗಿಸಿದೀನಿ ಅವನ್ನ. ಒಂದ್ಸಲ ಬಂದು ಮುಖ ತೋರಿಸಿ ಹೋಗು ಅನ್ನು." ಆಗಸ್ಟಿನಲ್ಲಿ ಹಿರಿಯರನ್ನು ನೆನೆಯುವ ಒಬೊನ್ ರಜೆಯಲ್ಲಿ ಬಾ. ಹೇಗೂ ಅಮ್ಮನ ಸಮಾಧಿಗೆ ನೀರು ಹಾಕಬೇಕು.

ಒಂದು ವಿಷಯ. ಹಲಗೆಯ ಸಾಲನ್ನು ಮತ್ತೆ ಸೇರಿಸು. ನಾನು ಮನೆಯಲ್ಲಿ ಇದ್ದಾಗ ಮೊಳೆಯಿಂದ ನಾನೇ ತೆಗೆದುಕೊಳ್ಳುತ್ತೇನೆ. ಇಲ್ಲದಿದ್ದಾಗ ಏನು ಗತಿ? ಒಂದೇ ಸಾಲು, ಹನ್ನೆರಡನೆಯದು. ನೂಡಲ್ ಅಂಗಡಿ ಎರಡು ಸಾಲದೇ?

ಈ ಪತ್ರದಲ್ಲಿ ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೆಳಕು ಸಾಲದು, ಅಷ್ಟೇ.

ಅಕ್ಕ


ಕುಶಿರೋ
11 ಜುಲೈ 2023

ಪ್ರೀತಿಯ ಅಕ್ಕನಿಗೆ,

ಇಲ್ಲಿ ಬೇಸಿಗೆ ಎನ್ನುವುದು ಕ್ಯಾಲೆಂಡರಿನಲ್ಲಿ ಮಾತ್ರ. ಸಾಲ್ಮನ್ ಹಂಗಾಮು ಹತ್ತಿರ ಬಂತು, ಆಗಸ್ಟಿನಲ್ಲಿ ರಜೆ ಸಿಗುವುದಿಲ್ಲ. ತೊಯೊ ಚಿಕ್ಕಮ್ಮನಿಗೆ ಒಣಮೀನಿನ ಪೊಟ್ಟಣ ಕಳಿಸಿದ್ದೇನೆ. ಹಲ್ಲಿಲ್ಲ ಎಂದು ನೆನಪಾದದ್ದು ಅಂಚೆಗೆ ಹಾಕಿದ ಮೇಲೆ. ನೀನು ಬೇಯಿಸಿ ಕೊಡು.

ಅಂಟಿಸಿದ ಪುಟ ಚೆನ್ನಾಗಿದೆ, ಅದರ ಅಂದ ಕೆಡಿಸುವುದು ಬೇಡ. ಅತಿಥಿಗಳು ನಮ್ಮ ಮನೆಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದಾರೆ ಗೊತ್ತೇ? ಕಂಪನಿಯವರಿಗೆ ಬಹಳ ಖುಷಿ. ಆ ಓಣಿಯೇ ಒಂದು ಬಂಗಾರದ ಗಣಿ ಎನ್ನುತ್ತಿದ್ದಾರೆ.

ಅಂದಹಾಗೆ, ನಿನ್ನ ಮನೆ ಮಾಲೀಕರ ವಿಳಾಸ ಇದ್ದರೆ ಬರೆದು ಕಳಿಸು. ವಿಶೇಷವೇನಿಲ್ಲ, ಸುಮ್ಮನೆ.

ಕೆನ್ಸಾಕು


ಒಸಾಕಾ
27 ಆಗಸ್ಟ್ 2023

ಕೆನ್ಸಾಕು,

ತೊಯೊ ಚಿಕ್ಕಮ್ಮ ಹೋದರು. ಎರಡು ವಾರವಾಯಿತು. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಇದಕ್ಕೂ ಮೊದಲು ಬರೆದಿದ್ದರೆ ಆ ಪತ್ರ ನಿನ್ನ ಕೈ ಸುಡುತ್ತಿತ್ತು.

ನಿನಗೆ ಹೇಳದ ಒಂದು ಮಾತಿದೆ. ಬೆಳಕು ಸಾಲದ್ದಲ್ಲ, ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೇಳಿದ್ದರೆ ಗುಡಿಸುವುದಕ್ಕೆ ನೀನು ಕಂಪನಿಯ ಹುಡುಗಿಯನ್ನು ನೇಮಿಸುತ್ತಿದ್ದೆ, ಅಮ್ಮನ ಮನೆಯ ಬೀಗದ ಕೈ ನನ್ನಿಂದ ಹೋಗುತ್ತಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಒಬೊನ್ ರಜೆಯಲ್ಲಿ ಹೊಲಿಗೆ ಇರುವುದಿಲ್ಲವೆಂದು ಹನ್ನೆರಡಕ್ಕೆ ಆಸ್ಪತ್ರೆಗೆ ಸೇರಿ ಹದಿನೈದಕ್ಕೆ ವಾಪಸು ಬಂದೆ.

ಚಿಕ್ಕಮ್ಮ ತೀರಿಕೊಂಡದ್ದು ಹದಿಮೂರರಂದು, ಬೇರೆ ಆಸ್ಪತ್ರೆಯಲ್ಲಿ. ಮಗ ನಗೊಯಾದಿಂದ ಬಂದವನು ಮರುದಿನ ಸಂಜೆ ಆರಕ್ಕೆ ಅಂತಿಮ ದರ್ಶನ ಇಟ್ಟ. ಓಣಿಯ ಮುಖ್ಯಸ್ಥ ಶಿಯೊಮಿ ಬೆಳಿಗ್ಗೆಯೇ ಹಲಗೆ ಹೊರಡಿಸಿದರು. ಅವರಿಂದ ಕೊಡೆ ಅಂಗಡಿಗೆ ಹೋಯಿತು. ಕೊಡೆ ಅಂಗಡಿಯ ಹೆಂಗಸು ವಾಡಿಕೆಯಂತೆ ಅಮ್ಮನ ಮನೆಯ ಮೊಳೆಗೆ ತೂಗುಹಾಕಿ, ಅಂಗಡಿ ಮುಚ್ಚಿ ದರ್ಶನದ ಭವನಕ್ಕೆ ಸಹಾಯಕ್ಕೆ ಹೋದಳು.

ನಾನು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಾಗ ಚಿಕ್ಕಮ್ಮನ ಬಾಗಿಲಿಗೆ ಸೂತಕದ ಕಾಗದ ಅಂಟಿತ್ತು. ಹಲಗೆ ಎಲ್ಲಿ ಎಂದು ಹುಡುಕಿದೆ. ಅದು ಅಮ್ಮನ ಮನೆಯ ಒಳಗೆ, ಹೂದಾನಿ ಇಡುವ ಗೂಡಿನಲ್ಲಿ ಅಲಂಕಾರವಾಗಿ ನಿಂತಿತ್ತು. ನಿನ್ನ ಅತಿಥಿಗಳು ಅದನ್ನು ಸ್ವಾಗತದ ಫಲಕ ಅಂದುಕೊಂಡಿದ್ದರು. ಕಪ್ಪು ಅಂಚಿನ ಕಾಗದ, ಚಿಕ್ಕಮ್ಮನ ಹೆಸರು, ಅದರ ಕೆಳಗೆ ಮೊಹರು ಒತ್ತುವ ಖಾನೆಗಳಲ್ಲಿ ನಾಲ್ಕು ಜನರೂ ತಮ್ಮ ಹೆಸರು ಬರೆದು ಪಕ್ಕದಲ್ಲಿ ನಗುಮುಖ ಬಿಡಿಸಿದ್ದರು.

ನನ್ನಿಂದಾಚೆಯ ನಾಲ್ಕು ಮನೆಗೂ ಸುದ್ದಿ ಹೋಗಲಿಲ್ಲ. ಎಲ್ಲರೂ ವಯಸ್ಸಾದವರು, ಆ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ಒಳಗಿದ್ದವರು. ಭವನದಲ್ಲಿ ಓಣಿಯವರಿಗೆಂದು ಹಾಕಿದ ಕುರ್ಚಿಗಳು ಖಾಲಿ ಇದ್ದವು. ಮಗ ಶಿಯೊಮಿಯವರ ಮುಂದೆ ಕೈಮುಗಿದು ಕೇಳಿದನಂತೆ: "ಅಮ್ಮ ಅರವತ್ತು ವರ್ಷ ನಿಮ್ಮ ಜೊತೆ ಇದ್ಲು. ಯಾರ ಮನಸ್ಸು ನೋಯಿಸಿದ್ಲೋ ಹೇಳ್ಬಿಡಿ, ಅವಳ ಪರವಾಗಿ ನಾನು ತಪ್ಪಾಯ್ತು ಅಂತೀನಿ."

ಒಂದು ಸಾಲು ಕೆನ್ಸಾಕು. ಹನ್ನೆರಡನೇ ಸಾಲು.

ಹಿಸಾನೊ


ಕುಶಿರೋ
16 ಸೆಪ್ಟೆಂಬರ್ 2023

ಅಕ್ಕನಿಗೆ,

ಪತ್ರವನ್ನು ಮೂರು ಸಲ ಓದಿದೆ. ಕಣ್ಣಿನ ವಿಷಯ ಮುಚ್ಚಿಟ್ಟೆಯಲ್ಲ, ನಾನೇನು ಪರಕೀಯನೇ? ಚಿಕ್ಕಮ್ಮನ ಮಗನಿಗೆ ಕೊಡಲು ಸಂತಾಪದ ಹಣದ ಕವರು ಇಟ್ಟಿದ್ದೇನೆ, ತಲುಪಿಸು.

ನನಗೂ ಸಂಕಟವಾಗಿದೆ. ಆದರೆ ಒಂದು ಮಾತು ಕೇಳಲೇಬೇಕು. ಅಮ್ಮ ಹೋಗಿ ಐದು ವರ್ಷವಾಯಿತು, ಆ ಮನೆಯಲ್ಲಿ ಓಣಿಯವರು ಯಾರೂ ಇಲ್ಲ. ಯಾರೂ ಇಲ್ಲದ ಮನೆಯ ಮೊಳೆಗೆ ಹಲಗೆ ಏಕೆ ಬರುತ್ತಿತ್ತು? ಕೊಡೆ ಅಂಗಡಿಯಿಂದ ನೇರ ನಿನ್ನ ಮನೆಗೆ ಬಂದಿದ್ದರೆ, ನೀನಿಲ್ಲದ್ದು ಕಂಡು ಅವಳು ಮುಂದಿನ ಮನೆಗೆ ಕೊಡುತ್ತಿದ್ದಳು. ಎಲ್ಲವನ್ನೂ ನನ್ನ ಒಂದು ಸಾಲಿನ ಮೇಲೆ ಹೇರಬೇಡ.

ಹನ್ನೆರಡನೇ ಸಾಲು ಸೇರಿಸಲು ಕಂಪನಿಗೆ ಹೇಳಿದ್ದೇನೆ.

ಕೆನ್ಸಾಕು


ಒಸಾಕಾ
8 ಅಕ್ಟೋಬರ್ 2023

ಕೆನ್ಸಾಕು,

ಕೇಳಿದೆಯಲ್ಲ, ಹೇಳುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ಅಮ್ಮ ಹೋದ ತಿಂಗಳೇ ಶಿಯೊಮಿ ಆ ಮನೆಯ ಹೆಸರನ್ನು ಸುತ್ತಿನಿಂದ ಹೊಡೆದುಹಾಕಲು ಹೊರಟಿದ್ದರು. ನಾನು ಅವರ ಬಾಗಿಲಿಗೆ ಹೋಗಿ ಕೈಮುಗಿದು ನಿಂತೆ, ಇರಲಿ ಬಿಡಿ, ನಾನೇ ನೋಡಿಕೊಳ್ಳುತ್ತೇನೆ ಎಂದು. ಅಮ್ಮನ ಮೊಹರು ನನ್ನ ಸೂಜಿ ಡಬ್ಬಿಯಲ್ಲಿತ್ತು. ಐದು ವರ್ಷ, ಹಲಗೆ ಬಂದಾಗಲೆಲ್ಲ ಮೊದಲು ಅಮ್ಮನ ಮೊಹರು ಒತ್ತಿ, ಆಮೇಲೆ ನನ್ನದು ಒತ್ತಿದ್ದೇನೆ. ಆ ಒಂದು ಖಾನೆಯಲ್ಲಿ ಅವಳು ಇನ್ನೂ ನನ್ನ ಎದುರು ಮನೆಯಲ್ಲಿದ್ದಳು. ಒಂಬತ್ತು ವರ್ಷ ಅವಳ ಸೇವೆ ಮಾಡಿದ್ದಕ್ಕೆ ನನಗೆ ಸಿಕ್ಕ ಆಸ್ತಿ ಅದೊಂದೇ, ಬಿಡಲು ಮನಸ್ಸು ಬರಲಿಲ್ಲ. ಹೌದು, ತಪ್ಪು ನನ್ನದೂ ಇದೆ. ನನ್ನ ಪಾಲನ್ನು ನಾನು ತಿನ್ನುತ್ತಿದ್ದೇನೆ. ನಿನ್ನ ಪಾಲು ನಿನ್ನ ತಟ್ಟೆಯಲ್ಲೇ ಇದೆ.

ಹಲಗೆ ಈಗ ಅಮ್ಮನ ಮನೆಗೂ ಬರುವುದಿಲ್ಲ, ನನ್ನ ಮನೆಗೂ ಬರುವುದಿಲ್ಲ. ಕೊಡೆ ಅಂಗಡಿಯವಳು ಅದನ್ನು ಏಪ್ರನ್ನಿನ ಕೆಳಗೆ ಮುಚ್ಚಿಕೊಂಡು ನನ್ನ ಕಿಟಕಿ ದಾಟುವುದು ಸ್ಪಷ್ಟವಾಗಿ ಕಾಣುತ್ತದೆ. ಕಣ್ಣು ಮಾಡಿಸಿಕೊಂಡದ್ದು ಇದನ್ನು ನೋಡುವುದಕ್ಕೇ ಇರಬೇಕು.

ಶಿಯೊಮಿಯವರನ್ನು ಕೇಳಿದೆ. ನಗುತ್ತಲೇ ಹೇಳಿದರು: "ಅಯ್ಯೋ, ನಿಮಗ್ಯಾಕೆ ಸುಮ್ನೆ ತೊಂದ್ರೆ ಅಂತ. ಅತಿಥಿಗಳ ಕೆಲ್ಸವೇ ಬೆಟ್ಟದಷ್ಟಿದೆ ನಿಮಗೆ. ಜಿಜೊ ದೇವರಿಗೆ ನೀರಿಡೋ ಸರದೀನೂ ಬಿಟ್ಬಿಡಿ, ನಾವೇ ನೋಡ್ಕೋತೀವಿ."

ಕೊಡೆ ಅಂಗಡಿಯವಳಿಗೆ ನಗುವಷ್ಟು ತಾಳ್ಮೆಯೂ ಇಲ್ಲ. "ಏನಮ್ಮಾ, ನಿಮ್ಮನೆ ಈಗ ಇಡೀ ಲೋಕಕ್ಕೇ ಗೊತ್ತಂತೆ! ಪಕ್ಕದ್ಮನೆ ಸಾವೊಂದು ಗೊತ್ತಾಗ್ಲಿಲ್ಲ ನೋಡಿ," ಎಂದಳು. ಅವಳ ಮಗಳ ಮದುವೆಯ ಉಡುಪು ಹೊಲಿದದ್ದು ನಾನು.

ನಿನ್ನ ಕವರು ಹಿಂದಕ್ಕೆ ಕಳಿಸಿದ್ದೇನೆ. ಚಿಕ್ಕಮ್ಮನ ಮಗ ಮನೆಗೆ ಬೀಗ ಹಾಕಿ ಹೋದ, ಯಾರಿಗೂ ವಿಳಾಸ ಕೊಡಲಿಲ್ಲ. ನೀನು ಕಳಿಸಿದ ಒಣಮೀನನ್ನು ಮಾತ್ರ ಚಿಕ್ಕಮ್ಮ ತಿಂದರು. ಗಂಜಿಯಲ್ಲಿ ಬೇಯಿಸಿ ಕೊಟ್ಟಿದ್ದೆ. "ಉಪ್ಪು ಜಾಸ್ತಿ. ಅವನು ಬಂದ್ರೆ ಬೈತೀನಿ," ಅಂದಿದ್ದರು.

ಈ ಓಣಿಯಲ್ಲಿ ಮತ್ತೆ ಹಲಗೆ ನನ್ನ ಬಾಗಿಲಿಗೆ ಬರುವ ತನಕ ನಾನು ಇಲ್ಲಿಂದ ಕದಲುವವಳಲ್ಲ. ಬೆಳಿಗ್ಗೆ ಎದ್ದು ಒಂಬತ್ತು ಮನೆಗಳ ಮುಂದೆಯೂ ಗುಡಿಸುತ್ತಿದ್ದೇನೆ. ನೋಡೋಣ, ಎಷ್ಟು ದಿನ ಮುಖ ತಿರುಗಿಸುತ್ತಾರೆ.

ಹಿಸಾನೊ


ಕುಶಿರೋ
1 ಡಿಸೆಂಬರ್ 2023

ಅಕ್ಕನಿಗೆ,

ಎರಡು ತಿಂಗಳಿಂದ ನಿನ್ನ ಪತ್ರವಿಲ್ಲ. ಇಲ್ಲಿ ನೆಲ ಹೆಪ್ಪುಗಟ್ಟಿದೆ. ಅಮ್ಮನ ಮೊಹರಿನ ಸಂಗತಿ ಓದಿದೆ, ಉತ್ತರ ಬರೆಯುವುದು ತಡವಾಯಿತು. ಸಿಟ್ಟು ಬಿಡು. ನೀನು ಗುಡಿಸುವುದನ್ನು ನೋಡಿ ಅವರೇ ಕರಗುತ್ತಾರೆ, ಅವರೆಲ್ಲ ಒಳ್ಳೆಯವರು.

ಕೆನ್ಸಾಕು


ಕುಶಿರೋ
15 ಜನವರಿ 2024

ಅಕ್ಕನಿಗೆ,

ಹೊಸ ವರ್ಷದ ಕಾರ್ಡು ಕೂಡ ಬರಲಿಲ್ಲ. ಕಣ್ಣು ಮತ್ತೆ ತೊಂದರೆ ಕೊಡುತ್ತಿದೆಯೇ?

ಫೆಬ್ರವರಿ ಹದಿನೆಂಟು ಅಮ್ಮನ ಏಳನೇ ವರ್ಷದ ಪೂಜೆ, ತೀರಿಕೊಂಡ ವರ್ಷವನ್ನೂ ಸೇರಿಸಿ ಎಣಿಸಿದರೆ. ಈ ಸಲ ಏನೇ ಆದರೂ ಬರುತ್ತೇನೆ. ಹದಿನೇಳಕ್ಕೆ ಬಂದು ಎರಡು ದಿನ ಇರುತ್ತೇನೆ. ಅಮ್ಮನ ಮನೆ ಬೇಕೆಂದು ಕಂಪನಿಯನ್ನು ಕೇಳಿದೆ. ಆ ವಾರವೆಲ್ಲ ಅತಿಥಿಗಳಿದ್ದಾರಂತೆ. ನನ್ನ ಮನೆಯಲ್ಲಿ ನನಗೇ ಜಾಗವಿಲ್ಲ ನೋಡು! ಹಾಗಾಗಿ ನಿನ್ನ ಮನೆಯಲ್ಲೇ ಇಳಿಯುತ್ತೇನೆ. ಮೊದಲಿನ ಹಾಗೆ ಮಹಡಿಯ ಮೇಲೆ ಹಾಸಿಗೆ ಹಾಸು. ಆ ಕಿಟಕಿಯಿಂದ ಅಮ್ಮನ ಅಡುಗೆಮನೆ ಕಾಣುತ್ತಿತ್ತಲ್ಲ, ಅಲ್ಲೇ ಮಲಗುತ್ತೇನೆ. ಕೂತು ಎಲ್ಲ ಮಾತಾಡೋಣ. ನಾನೇ ಶಿಯೊಮಿಯವರ ಬಾಗಿಲಿಗೂ ಹೋಗಿ ತಲೆಬಾಗುತ್ತೇನೆ.

ನಿನಗೆ ಹೇಳಬೇಕಾದ ಒಂದು ಸಣ್ಣ ವಿಷಯವೂ ಇದೆ, ಎದುರಿಗೇ ಹೇಳುತ್ತೇನೆ.

ಕೆನ್ಸಾಕು


ಒಸಾಕಾ
5 ಫೆಬ್ರವರಿ 2024

ಮಾನ್ಯ ಅತಿಥಿಗಳಿಗೆ,

ತಮ್ಮ ಎರಡು ಪತ್ರಗಳೂ ಅಂಚೆ ಕಚೇರಿಯ ವಿಳಾಸ ಬದಲಾವಣೆಯ ಚೀಟಿ ಅಂಟಿಸಿಕೊಂಡು ನನಗೆ ತಲುಪಿದವು. ತಮ್ಮ ಆ ಸಣ್ಣ ವಿಷಯ ಅಕ್ಟೋಬರ್ ಹನ್ನೆರಡಕ್ಕೇ ಮಾಲೀಕರ ಕಾಗದದಲ್ಲಿ ಬಂದಿತ್ತು. "ನಿಮ್ಮ ತಮ್ಮನವರು ದಯವಿಟ್ಟು ಪರಿಚಯಿಸಿದ ಕಂಪನಿಗೆ ಈ ಮನೆಯನ್ನೂ ಕೊಡಲು ತೀರ್ಮಾನಿಸಿದ್ದೇವೆ" ಎಂದು ಬಹಳ ವಿನಯದಿಂದ ಬರೆದಿದ್ದರು. ಜುಲೈನಲ್ಲಿ ತಾವು ಕೇಳಿದ ವಿಳಾಸವನ್ನು ಹಿಂದೆಮುಂದೆ ನೋಡದೆ ಕಾರ್ಡಿನಲ್ಲಿ ಬರೆದು ಕಳಿಸಿದವಳು ನಾನೇ. ತಕರಾರು ಮಾಡಬಹುದಿತ್ತು. ಯಾರಿಗಾಗಿ ಮಾಡಲಿ? ಹೊರಡುವ ದಿನ ಬೆಳಿಗ್ಗೆಯೂ ಒಂಬತ್ತು ಮನೆಗಳ ಮುಂದೆ ಗುಡಿಸಿದೆ. ಎಂಟು ಮನೆಗಳ ಬಾಗಿಲೂ ಮುಚ್ಚಿದ್ದವು. ನವೆಂಬರ್ ಮೂವತ್ತಕ್ಕೆ ಖಾಲಿ ಮಾಡಿಕೊಟ್ಟೆ.

ನನ್ನ ಮನೆಯಲ್ಲೇ ಇಳಿಯುವ ಆಸೆ ತಮಗಿದೆ. ಹದಿನೇಳರಿಂದ ಎರಡು ದಿನಕ್ಕೆ ತಮ್ಮ ಹೆಸರಿನಲ್ಲಿ ಅದನ್ನು ಕಾದಿರಿಸಿದ್ದೇನೆ. ಹೊಸದಾಗಿ ಬಣ್ಣ ಬಳಿದಿದ್ದಾರೆ. ನಾನು ಹೊಲಿಯಲು ಕೂರುತ್ತಿದ್ದ ಕಡೆ ಶೂ ಇಡುವ ಕಪಾಟು ಬಂದಿದೆಯಂತೆ. ಬಾಗಿಲಿಗೆ ಬೀಗದ ಕೈ ಇಲ್ಲ, ಅಂಕಿ ಒತ್ತಬೇಕು, ಕಂಪನಿ ತಿಳಿಸುತ್ತದೆ. ತಂಗುವವರಿಗೆ ಉಪಯೋಗವಾಗುವ ಕೆಲವು ಸೂಚನೆಗಳನ್ನು ಕೆಳಗೆ ಕೊಟ್ಟಿದ್ದೇನೆ. ಹನ್ನೊಂದು ಸಾಲು ಮೀರಿದರೆ ಕ್ಷಮಿಸಿ.

ನಿಲ್ದಾಣದ ಉತ್ತರದ ಬಾಗಿಲಿನಿಂದ ಬನ್ನಿ. ಸಂದಿಯಲ್ಲಿ ಪೆಟ್ಟಿಗೆ ಎತ್ತಿಕೊಳ್ಳಿ. ಯಾರಾದರೂ ಎದುರಾದರೆ ತಲೆಬಾಗಿ. ತಮ್ಮ ಗುರುತು ಹಿಡಿದು ಬಹಳ ನಯವಾಗಿ ಮಾತಾಡಿಸಿದರೆ ಅದನ್ನು ಪ್ರೀತಿ ಎಂದು ತಿಳಿಯಬೇಡಿ. ಮೂಲೆಯ ಜಿಜೊ ದೇವರಿಗೆ ನೀರಿಡಬೇಡಿ, ಆ ಸರದಿ ನಮ್ಮದಲ್ಲ. ತಾವು ಬರುವ ದಿನ ಶನಿವಾರ, ಹೊರಡುವ ದಿನ ಸೋಮವಾರ, ನಡುವೆ ಕಸದ ದಿನವಿಲ್ಲ. ತಮ್ಮ ಕಸವನ್ನು ತಾವೇ ಕೊಂಡೊಯ್ಯಬೇಕಾಗುತ್ತದೆ. ಎದುರು ಮನೆಯ ಪಕ್ಕದ ಬಾಗಿಲ ಮುಂದೆ ಒಂದು ಸ್ಟೂಲು ಇನ್ನೂ ಇದೆ. ಅದರ ಮೇಲೆ ಕೂರಬೇಡಿ. ಹಲಗೆಗಾಗಿ ಕಾಯಬೇಡಿ. ಕಂಪನಿಯವರು ಎರಡೂ ಮನೆಗಳಲ್ಲಿ ಅದರ ಬಗ್ಗೆ ನಾಲ್ಕು ಭಾಷೆಯಲ್ಲಿ ಬಹಳ ಚೆನ್ನಾಗಿ ಅಚ್ಚು ಹಾಕಿಸಿ ಅಂಟಿಸಿದ್ದಾರೆ. ಈಗ ಅದು ಆ ಎರಡೂ ಬಾಗಿಲಿಗೆ ಬರುವುದಿಲ್ಲ.

ಪೂಜೆ ಭಾನುವಾರ ಹನ್ನೊಂದಕ್ಕೆ. ಅಮ್ಮನಿಗಾಗಿ ಬಂದು ತಮ್ಮ ಪಕ್ಕದಲ್ಲೇ ಕೂರುತ್ತೇನೆ. ಅವಳ ಮೊಹರನ್ನು ಕೊಟ್ಟು ಹೋಗುತ್ತೇನೆ, ಮನೆ ಯಾರದೋ ಮೊಹರು ಅವರದು. ನಾನು ಈಗಿರುವುದು ಹಡಗುಕಟ್ಟೆಯ ಕಡೆಯ ಸರ್ಕಾರಿ ವಸತಿಯ ಹನ್ನೊಂದನೇ ಮಹಡಿಯಲ್ಲಿ. ಅಲ್ಲಿಗೆ ದಾರಿ ಹೇಳುವುದಿಲ್ಲ.

ಮಹಡಿಯ ಕಿಟಕಿಯಿಂದ ಅಡುಗೆಮನೆ ಈಗಲೂ ಕಾಣುತ್ತದೆ. ಯಾವ ಸಹಾಯ ಬೇಕಾದರೂ ಎದುರು ಮನೆಯ ಬಾಗಿಲು ತಟ್ಟಿ. ಅದು ತಮ್ಮದೇ ಮನೆ. ಬಾಗಿಲು ತೆಗೆದವರಿಗೆ ತಮ್ಮ ಪರಿಚಯ ಇರುವುದಿಲ್ಲ.

ಇಂತಿ,
ಹಿಸಾನೊ